ಒಳಹೊಕ್ಕ ಬ್ಯಾಕ್ಟೀರಿಯಾ ಕಣದಂಗವಾಗುವುದು ಯಾವಾಗ?

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಬೇಸಿಗೆಯ ಹೊತ್ತಿಗೆ ಎಳೆ ಚಿಗುರು, ಕಾಯಿಗೊಂಚಲುಗಳ ಸಂದಿಯಲ್ಲಿ ಬಿಳಿ ಪುಡಿ ಮೆತ್ತಿಕೊಂಡು ಕೂರುವ ಹಿಟ್ಟು ತಿಗಣೆ ಬೆಳೆಗಾರರಿಗೆಲ್ಲ ಗೊತ್ತು. ಗಿಡದ ರಸ ಹೀರುತ್ತದೆ, ಅಂಟು ಸಿಹಿ ಸುರಿಸುತ್ತದೆ, ಅದಕ್ಕೆ ಇರುವೆ ಮುತ್ತುತ್ತದೆ. ಈ ತಿಗಣೆಗಳಲ್ಲಿ ಪ್ಲಾನೊಕಾಕಸ್ ಸಿಟ್ರಿ ಎಂಬ ಜಾತಿಯೊಂದಿದೆ. ಅದರ ಹೊಟ್ಟೆಯೊಳಗೆ ಬ್ಯಾಕ್ಟೀರಿಯಾಗಳಿಗೆಂದೇ ಇರುವ ಒಂದು ಅಂಗವಿದೆ. ಆ ಅಂಗದ ದೊಡ್ಡ ದೊಡ್ಡ ಜೀವಕೋಶಗಳೊಳಗೆ ಟ್ರೆಂಬ್ಲಯಾ ಎಂಬ ಬ್ಯಾಕ್ಟೀರಿಯಾ ತುಂಬಿಕೊಂಡಿದೆ. ಸೂಕ್ಷ್ಮದರ್ಶಕದಲ್ಲಿ ಇನ್ನಷ್ಟು ಹತ್ತಿರದಿಂದ ನೋಡಿದರೆ ಪ್ರತಿ ಟ್ರೆಂಬ್ಲಯಾದ ಒಳಗೆ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾಗಳು ಕಾಣುತ್ತವೆ. ಅವುಗಳ ಹೆಸರು ಮೊರಾನೆಲ್ಲ. ಹುಳದ ಕೋಶದೊಳಗೆ ಬ್ಯಾಕ್ಟೀರಿಯಾ, ಬ್ಯಾಕ್ಟೀರಿಯಾದೊಳಗೆ ಬ್ಯಾಕ್ಟೀರಿಯಾ.

ಟ್ರೆಂಬ್ಲಯಾದ ಇಡೀ ಜೀನೋಮ್, ಅಂದರೆ ಅದರ ಒಟ್ಟು ಡಿಎನ್‌ಎ, ಸುಮಾರು 1,39,000 ಅಕ್ಷರಗಳದ್ದು (ಡಿಎನ್‌ಎಯ ಎ, ಟಿ, ಜಿ, ಸಿಗಳನ್ನು ಇಲ್ಲಿ ಅಕ್ಷರ ಎನ್ನೋಣ). ಪ್ರೋಟೀನ್ ಮಾಡಿಸುವ ಜೀನ್‌ಗಳು 120ರ ಆಸುಪಾಸು. ನಮ್ಮ ಕರುಳಿನ ಇ. ಕೋಲಿಯದ್ದು 46 ಲಕ್ಷ ಅಕ್ಷರ, ಸುಮಾರು 4,300 ಜೀನ್. ಟ್ರೆಂಬ್ಲಯಾ ಕಳೆದುಕೊಂಡಿರುವುದು ಅಷ್ಟಿಷ್ಟಲ್ಲ. ಪ್ರೋಟೀನ್ ಕಟ್ಟಲು ಪ್ರತಿ ಅಮೈನೋ ಆಮ್ಲವನ್ನೂ ಅದರದರ ಸಾಗಣೆ ಆರ್‌ಎನ್‌ಎಗೆ ಕೂಡಿಸುವ ಕಿಣ್ವಗಳು ಬೇಕೇ ಬೇಕು. ಆ ಕಿಣ್ವಗಳ ಪೈಕಿ ಕೆಲಸ ಮಾಡುವ ಒಂದೇ ಒಂದು ಜೀನ್ ಕೂಡ ಇದರ ಬಳಿ ಉಳಿದಿಲ್ಲ. ಇನ್ನು ತಂಬಾಕಿನ ಎಲೆಯ ಕ್ಲೋರೋಪ್ಲಾಸ್ಟ್ ನೋಡಿ. ಅದು ಎಂದೋ ಬ್ಯಾಕ್ಟೀರಿಯಾ ಆಗಿತ್ತು, ಈಗ ಕಣದಂಗ (ಕೋಶದೊಳಗೆ ತನ್ನದೇ ಕೆಲಸವಿರುವ ಒಂದು ಭಾಗ) ಎಂದು ಶಾಲೆಯ ಪುಸ್ತಕದಲ್ಲೇ ಓದುತ್ತೇವೆ. ಅದರ ಜೀನೋಮ್ ಸುಮಾರು 1,56,000 ಅಕ್ಷರ. ಅಂದರೆ ಕಣದಂಗದ ಜೀನೋಮೇ ಈ ಬ್ಯಾಕ್ಟೀರಿಯಾದ್ದಕ್ಕಿಂತ ದೊಡ್ಡದು!

ಹಾಗಾಗಿ ಜೀನೋಮಿನ ಗಾತ್ರ ನೋಡಿ ಇದು ಕಣದಂಗ, ಇದು ಬ್ಯಾಕ್ಟೀರಿಯಾ ಎಂದು ಹೇಳಲು ಬರುವುದಿಲ್ಲ. ಜೀನ್ ಕಳೆದುಕೊಳ್ಳುವುದು ಸುಲಭದ ಭಾಗ. ಅದಕ್ಕೆ ಯಾರ ಪ್ರಯತ್ನವೂ ಬೇಡ, ಸಾಕಷ್ಟು ಕಾಲ ಒಳಗಿದ್ದರೆ ತಾನೇ ಆಗುತ್ತದೆ. ಕಳೆದುಹೋದ ಜೀನ್‌ಗಳ ಪ್ರೋಟೀನನ್ನು ಆತಿಥೇಯ ಜೀವಿ ತನ್ನ ಕೋಶಕೇಂದ್ರದಲ್ಲಿರುವ ಜೀನ್‌ನಿಂದ ಮಾಡಿಸಿ ಬ್ಯಾಕ್ಟೀರಿಯಾದ ಒಳಕ್ಕೆ ತಲುಪಿಸುವುದು ಕಷ್ಟದ ಭಾಗ. ನಮ್ಮ ಲೆಕ್ಕದಲ್ಲಿ ಗೆರೆ ಎಳೆಯಬೇಕಾದದ್ದು ಅಲ್ಲಿ.

ಒಳಕ್ಕೆ ಬರುವುದು

ಮೊದಲ ಹೆಜ್ಜೆಗೆ ವಿಶೇಷ ಪ್ರತಿಭೆಯೇನೂ ಬೇಕಿಲ್ಲ. ಜಪಾನಿನ ತಾಕೆಮಾ ಫುಕಾತ್ಸು ಅವರ ತಂಡ 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಪ್ಲಾಟಿಯಾ ಸ್ಟಾಲಿ ಎಂಬ ಹಸಿರು ತಿಗಣೆಗೆ ಕರುಳಿನಲ್ಲಿ ತನ್ನದೇ ಬ್ಯಾಕ್ಟೀರಿಯಾ ಇಲ್ಲದಿದ್ದರೆ ಮರಿ ಬದುಕುವುದಿಲ್ಲ. ತಾಯಿ ಮೊಟ್ಟೆಯ ಮೇಲೆ ಅದನ್ನು ಸವರಿರುತ್ತದೆ, ಹುಟ್ಟಿದ ಮರಿ ಮೊದಲು ಅದನ್ನೇ ಹೀರುತ್ತದೆ. ಸಂಶೋಧಕರು ಮೊಟ್ಟೆಗಳನ್ನು ಶುಚಿ ಮಾಡಿ, ಆ ಬ್ಯಾಕ್ಟೀರಿಯಾದ ಬದಲು ಪ್ರಯೋಗಾಲಯದ ಇ. ಕೋಲಿ ಕೊಟ್ಟರು. ಡಿಎನ್‌ಎ ತಪ್ಪು ತಿದ್ದುವ ಒಂದು ಜೀನ್ ತೆಗೆದು, ಬೇಗ ಬೇಗ ಉತ್ಪರಿವರ್ತನೆಯಾಗುವಂತೆ ಮಾಡಿದ್ದ ತಳಿ ಅದು. ಶುರುವಿನಲ್ಲಿ ಬದುಕಿ ದೊಡ್ಡವಾದ ಹುಳಗಳು ಬೆರಳೆಣಿಕೆಯಷ್ಟು. ಚೆನ್ನಾಗಿ ಬೆಳೆದವುಗಳ ಕರುಳಿನ ಇ. ಕೋಲಿಯನ್ನು ಮುಂದಿನ ತಲೆಮಾರಿಗೆ ದಾಟಿಸುತ್ತ ಹೋದರು. ಕೆಲವು ತಿಂಗಳಿಂದ ಒಂದು ವರ್ಷದೊಳಗೆ ಕೆಲವು ಸಾಲುಗಳಲ್ಲಿ ಇ. ಕೋಲಿ ಹುಳಕ್ಕೆ ಒಗ್ಗುವ ಜೊತೆಗಾರನಾಯಿತು.

ಆ ಸಾಲುಗಳಲ್ಲಿ ಆದ ಬದಲಾವಣೆ ಕುತೂಹಲಕರ. ಸಕ್ಕರೆ ಬಳಕೆಯನ್ನು ಹಿಡಿತದಲ್ಲಿಡುವ ಒಂದು ನಿಯಂತ್ರಣ ಜಾಲವಿದೆ, ನೂರಾರು ಜೀನ್‌ಗಳ ಮೇಲೆ ಅದರ ಅಧಿಕಾರ. ಅದರ ಒಂದೇ ಒಂದು ಜೀನ್, ಒಂದು ಸಾಲಿನಲ್ಲಿ ಸಿಆರ್‌ಪಿ, ಇನ್ನೊಂದರಲ್ಲಿ ಸಿಯಾಎ, ಕೆಟ್ಟುಹೋಗಿತ್ತು. ಹೊಸದೇನೂ ಹುಟ್ಟಿರಲಿಲ್ಲ. ಇದ್ದದ್ದು ಮುರಿದೇ ಸಹಜೀವನ ಆರಂಭವಾಯಿತು.

ಒಳಗಿನ ಬ್ಯಾಕ್ಟೀರಿಯಾ ಆತಿಥೇಯನಿಗೆ ಉಪಕಾರ ಮಾಡಿದ್ದರಿಂದಲೇ ಅವಲಂಬನೆ ಬೆಳೆಯಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಅರ್ಧ ಸತ್ಯ. 1966ರಲ್ಲಿ ಅಮೆರಿಕದ ಕ್ವಾಂಗ್ ಜಿಯೋನ್ ಸಾಕಿದ್ದ ಅಮೀಬಾಗಳಿಗೆ ಯಾವುದೋ ಬ್ಯಾಕ್ಟೀರಿಯಾ ತಗುಲಿತು. ಒಂದೊಂದು ಅಮೀಬಾದಲ್ಲಿ ಒಂದೂವರೆ ಲಕ್ಷದಷ್ಟು ಬ್ಯಾಕ್ಟೀರಿಯಾ, ಬಹುಪಾಲು ಅಮೀಬಾ ಸತ್ತವು. ಉಳಿದವನ್ನು ಅವರು ಸಾಕುತ್ತ ಹೋದರು. ಕೆಲವೇ ವರ್ಷಗಳಲ್ಲಿ ಬ್ಯಾಕ್ಟೀರಿಯಾ ಸಂಖ್ಯೆ ಸುಮಾರು 42,000ಕ್ಕೆ ಇಳಿದು ಅಲ್ಲೇ ನಿಂತಿತು. ಆಮೇಲೆ ಸೋಂಕಿತ ಅಮೀಬಾದ ಕೋಶಕೇಂದ್ರವನ್ನು ತೆಗೆದು ಸೋಂಕಿಲ್ಲದ ಅಮೀಬಾದೊಳಗೆ ಇಟ್ಟರೆ ಅದು ಬದುಕಲಿಲ್ಲ. ಆ ಬ್ಯಾಕ್ಟೀರಿಯಾವನ್ನು ಮತ್ತೆ ಚುಚ್ಚಿ ತುಂಬಿದಾಗ ಬದುಕಿತು. ಕೊಂದ ಸೋಂಕೇ ಕೆಲವು ವರ್ಷದಲ್ಲಿ ಜೀವಕ್ಕೆ ಅಗತ್ಯವಾಯಿತು. ಬ್ಯಾಕ್ಟೀರಿಯಾ ಇದ್ದೇ ಇದೆ ಎಂಬ ಸ್ಥಿತಿಗೆ ಅಮೀಬಾದ ಜೀನ್‌ಗಳು ಹೊಂದಿಕೊಂಡವು, ಅದಿಲ್ಲದೆ ನಡೆಯದಾಯಿತು. ಇದರಲ್ಲಿ ಉಪಕಾರ ಎಂಬುದೆಲ್ಲಿ?

ನಿಜವಾದ ತಿರುವು ಬರುವುದು ಬ್ಯಾಕ್ಟೀರಿಯಾ ತಾಯಿಯಿಂದ ಮರಿಗೆ, ಅದರಲ್ಲೂ ಮೊಟ್ಟೆಯ ಒಳಗಿನಿಂದಲೇ, ದಾಟಲು ತೊಡಗಿದಾಗ. ಅಲ್ಲಿಯವರೆಗೆ ಹೊರಗಿನ ಪರಿಸರಕ್ಕೆ ಬಾಗಿಲು ತೆರೆದಿರುತ್ತದೆ. ಆಮೇಲೆ ಮುಚ್ಚುತ್ತದೆ.

ಸತ್ತ ಜೀನ್‌ಗಳ ಕಾಲ

ಬಾಗಿಲು ಮುಚ್ಚಿದ ಮೊದಮೊದಲ ದಿನಗಳು (ಇಲ್ಲಿ ದಿನ ಎಂದರೆ ಸಾವಿರಾರು ವರ್ಷ) ಹೇಗಿರುತ್ತವೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ, ಮನೆಯ ಅಕ್ಕಿ ಡಬ್ಬ ಸಾಕು. ಅಕ್ಕಿಯಲ್ಲಿ ಬೀಳುವ ಸೊಂಡಿಲು ಹುಳದೊಳಗೆ ಸೊಡಾಲಿಸ್ ಪಿಯರಾಂಟೋನಿಯಸ್ ಎಂಬ ಬ್ಯಾಕ್ಟೀರಿಯಾ ಇದೆ. ಹುಳದ ಗಟ್ಟಿ ಕಂದು ಕವಚಕ್ಕೆ ಬೇಕಾದ ಟೈರೋಸಿನ್‌ ಇದರ ನೆರವಿನಿಂದ ಸಿಗುತ್ತದೆ. ಹುಳ ಬಲಿತು ಕವಚ ಗಟ್ಟಿಯಾದ ಮೇಲೆ ಕರುಳಿನ ಸುತ್ತ ಇದ್ದ ಬ್ಯಾಕ್ಟೀರಿಯಾಗಳನ್ನು ಹುಳವೇ ಕೊಂದು ಜೀರ್ಣಿಸಿಕೊಳ್ಳುತ್ತದೆ, ಅಂಡಾಶಯದಲ್ಲಿರುವುದನ್ನು ಮಾತ್ರ ಮುಂದಿನ ಪೀಳಿಗೆಗೆ ಉಳಿಸುತ್ತದೆ. ಕೆಲಸ ಮುಗಿಯಿತು, ಸಂಬಳ ಯಾಕೆ ಎಂಬ ಲೆಕ್ಕ.

ಈ ಬ್ಯಾಕ್ಟೀರಿಯಾ ಒಳಗೆ ಬಂದು ಕೇವಲ 28,000 ವರ್ಷದ ಆಸುಪಾಸು ಎಂದು ಅಂದಾಜು. ಜೀನೋಮ್ ಇನ್ನೂ ದೊಡ್ಡದೇ, ಸುಮಾರು 45 ಲಕ್ಷ ಅಕ್ಷರ. ಆದರೆ ಜೀನ್‌ಗಳ ದೊಡ್ಡ ಪಾಲು ಸತ್ತಿವೆ: ನಡುವೆ ಒಂದಕ್ಷರ ಬಿದ್ದುಹೋಗಿ ಓದು ತಪ್ಪಿದವು, ಅರ್ಧಕ್ಕೇ ನಿಂತವು, ಜಿಗಿಯುವ ಡಿಎನ್‌ಎ ತುಣುಕು ಹೊಕ್ಕು ಸೀಳಿದವು. ಆ ಜಿಗಿಯುವ ತುಣುಕುಗಳೇ ಜೀನೋಮಿನಲ್ಲಿ ಎಲ್ಲೆಂದರಲ್ಲಿ ಪ್ರತಿಯಾಗಿ ತುಂಬಿಕೊಂಡಿವೆ. ತ್ಸೆತ್ಸೆ ನೊಣದ ಸೊಡಾಲಿಸ್ ಗ್ಲಾಸಿನಿಡಿಯಸ್‌ನಲ್ಲೂ ಇದೇ ಚಿತ್ರ. 972 ಸತ್ತ ಜೀನ್, ಡಿಎನ್‌ಎಯ ಅರ್ಧದಷ್ಟು ಮಾತ್ರ ಕೆಲಸದ್ದು.

ಸ್ವತಂತ್ರವಾಗಿದ್ದಾಗ ಈ ಕುಲ ಹೇಗಿತ್ತು ಎಂಬುದೂ ಆಕಸ್ಮಿಕವಾಗಿ ಗೊತ್ತಾಯಿತು. ಅಮೆರಿಕದಲ್ಲಿ ಒಬ್ಬರ ಕೈಗೆ ಕಾಡುಸೇಬಿನ ಗಿಡದ ಕೊಂಬೆ ಚುಚ್ಚಿ ಕೀವಾಯಿತು. ಆ ಗಾಯದಲ್ಲಿ ಸಿಕ್ಕ ಬ್ಯಾಕ್ಟೀರಿಯಾ, ಈ ಹುಳಗಳ ಸೊಡಾಲಿಸ್‌ಗಳ ಹತ್ತಿರದ ನೆಂಟ. ಪ್ರಯೋಗಾಲಯದ ತಟ್ಟೆಯಲ್ಲಿ ಆರಾಮವಾಗಿ ಬೆಳೆಯುತ್ತದೆ, ಹುಳಗಳಲ್ಲಿ ಸತ್ತಿರುವ ಜೀನ್‌ಗಳು ಇದರಲ್ಲಿ ಜೀವಂತ. 2012ರಲ್ಲಿ ಇದರ ವಿವರ ಪ್ರಕಟವಾಯಿತು. ಮುಂದೆ ಇದಕ್ಕೆ ಸೆರೆಗೆ ಮುಂಚಿನದು ಎಂಬ ಅರ್ಥದಲ್ಲಿ ಪ್ರೇಕ್ಯಾಪ್ಟಿವಸ್ ಎಂದು ಹೆಸರಿಟ್ಟರು.

ಒಳ್ಳೆಯ ಜೊತೆಗಾರನಿಗೂ ರೋಗಾಣುವಿಗೂ ದಾರಿ ಒಂದೇ ಎಂಬುದನ್ನು ಗಮನಿಸಬೇಕು. ಕುಷ್ಠರೋಗದ ಬ್ಯಾಕ್ಟೀರಿಯಾದ ಜೀನೋಮನ್ನು 2001ರಲ್ಲಿ ಓದಿದಾಗ ಸಿಕ್ಕಿದ್ದು ಕೆಲಸ ಮಾಡುವ ಜೀನ್ 1,604, ಸತ್ತವು 1,116. ಅದರ ಸೋದರ ಕ್ಷಯದ ಬ್ಯಾಕ್ಟೀರಿಯಾಕ್ಕೆ ಸುಮಾರು 4,000 ಜೀನ್‌ಗಳಿವೆ. ಕುಷ್ಠದ್ದು ಒಂದು ಎರಡಾಗಲು ಹೆಚ್ಚುಕಡಿಮೆ ಎರಡು ವಾರ ತೆಗೆದುಕೊಳ್ಳುತ್ತದೆ, ಇವತ್ತಿಗೂ ಅದನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಲು ಆಗಿಲ್ಲ. ಯಾವ ಆತಿಥೇಯನಿಗೂ ಉಪಯೋಗವಾಗದೆಯೇ ಅದು ಆತಿಥೇಯನಿಗೆ ಕಟ್ಟುಬಿದ್ದಿದೆ.

ಜೀನೋಮ್ ಕುಗ್ಗುವುದು ಯಾಕೆ

ಮಿತವ್ಯಯಕ್ಕಾಗಿ, ಹಗುರಾಗಲಿಕ್ಕಾಗಿ ಬ್ಯಾಕ್ಟೀರಿಯಾ ಜೀನ್ ಬಿಡುತ್ತದೆ ಎಂದು ಕೆಲವರು ಬರೆಯುತ್ತಾರೆ. ಸಮುದ್ರದಲ್ಲಿ ಕೋಟಿ ಕೋಟಿ ಸಂಖ್ಯೆಯಲ್ಲಿ ತೇಲುವ ಕೆಲವು ಸ್ವತಂತ್ರ ಬ್ಯಾಕ್ಟೀರಿಯಾಗಳ ವಿಷಯದಲ್ಲಿ ಅದು ಸರಿಯಿರಬಹುದು. ಹುಳದೊಳಗಿನದಕ್ಕೆ ಹೊಂದುವುದಿಲ್ಲ. ಇಲ್ಲಿ ನಡೆಯುವುದು ಮೂರು ಸಂಗತಿಗಳ ಕೂಟ.

ಒಂದು, ಅಗತ್ಯ ತಪ್ಪುವುದು. ಸಿದ್ಧ ಆಹಾರ, ಒಂದೇ ಬಗೆಯ ವಾತಾವರಣ, ಶತ್ರುಗಳಿಲ್ಲ. ಈಜುವ, ಹೊರಗಿನ ಸಕ್ಕರೆ ಹುಡುಕುವ, ವೈರಸ್ ತಡೆಯುವ ಜೀನ್ ಕೆಟ್ಟರೂ ಯಾರಿಗೂ ನಷ್ಟವಿಲ್ಲ, ಆದ್ದರಿಂದ ಕೆಟ್ಟದ್ದನ್ನು ನಿಸರ್ಗದ ಆಯ್ಕೆ ಜರಡಿ ಹಿಡಿಯುವುದಿಲ್ಲ.

ಎರಡು, ಕಿರಿದಾದ ದಾರಿ. ಸಸ್ಯಹೇನಿನ ಮೈಯಲ್ಲಿ ಬುಕ್ನೆರಾ ಎಂಬ ಬ್ಯಾಕ್ಟೀರಿಯಾ ಲಕ್ಷಗಟ್ಟಲೆ ಇದ್ದರೂ ಒಂದು ಮರಿಗೆ ದಾಟುವುದು ಕೆಲವು ನೂರರಿಂದ ಕೆಲವು ಸಾವಿರ. ಇಷ್ಟು ಸಣ್ಣ ಗುಂಪಿನಲ್ಲಿ ಸ್ವಲ್ಪ ಕೆಟ್ಟ ಜೀನ್ ಇರುವವೇ ಅದೃಷ್ಟವಶಾತ್ ಮುಂದೆ ಹೋಗಿಬಿಡಬಹುದು. ಹೊರಗಿನ ಬ್ಯಾಕ್ಟೀರಿಯಾಗಳಾದರೆ ನೆರೆಯವರಿಂದ ಒಳ್ಳೆಯ ಜೀನ್ ಪಡೆದು ದುರಸ್ತಿ ಮಾಡಿಕೊಳ್ಳುತ್ತವೆ. ಇಲ್ಲಿ ನೆರೆಯವರೆಲ್ಲ ಅದೇ ತಾಯಿಯ ಮಕ್ಕಳು. ಜೆರಾಕ್ಸಿನ ಜೆರಾಕ್ಸ್ ತೆಗೆಯುತ್ತ ಹೋದಂತೆ: ಒಮ್ಮೆ ಬಿದ್ದ ಕಲೆ ಮುಂದಿನ ಎಲ್ಲ ಪ್ರತಿಗಳಲ್ಲೂ ಉಳಿಯುತ್ತದೆ, ಹೊಸ ಕಲೆ ಸೇರುತ್ತದೆ, ಮೂಲ ಪ್ರತಿ ಯಾರ ಕೈಯಲ್ಲೂ ಇಲ್ಲ. ತಳಿವಿಜ್ಞಾನದಲ್ಲಿ ಇದಕ್ಕೆ ಮುಲ್ಲರ್ ರಾಚೆಟ್ (ರಾಚೆಟ್ ಎಂದರೆ ಹಿಂದಕ್ಕೆ ತಿರುಗದ ಹಲ್ಲುಚಕ್ರ) ಎಂದು ಹೆಸರು. ಬುಕ್ನೆರಾದಲ್ಲಿ ಇದು ನಡೆಯುತ್ತಿದೆ ಎಂದು 1996ರಲ್ಲಿ ಅಮೆರಿಕದ ಜೀವವಿಜ್ಞಾನಿ ನ್ಯಾನ್ಸಿ ಮೊರಾನ್ ತೋರಿಸಿದರು.

ಮೂರು, ಅಳಿಸುವ ಒಲವು. ಬ್ಯಾಕ್ಟೀರಿಯಾಗಳಲ್ಲಿ ಡಿಎನ್‌ಎ ಸೇರುವ ತಪ್ಪಿಗಿಂತ ಬಿದ್ದುಹೋಗುವ ತಪ್ಪು ಹೆಚ್ಚು. ಆದ್ದರಿಂದ ಸತ್ತ ಜೀನ್ ಹೆಚ್ಚು ಕಾಲ ಹೆಣವಾಗಿ ಬಿದ್ದಿರುವುದಿಲ್ಲ, ಚೂರುಚೂರಾಗಿ ಮಾಯವಾಗುತ್ತದೆ.

ಇದರ ಜೊತೆಗೆ ತಪ್ಪು ತಿದ್ದುವ ಜೀನ್‌ಗಳೇ ಕಳೆದುಹೋಗುವುದರಿಂದ ಇಳಿಜಾರು ಇನ್ನೂ ಕಡಿದಾಗುತ್ತದೆ. ಡಿಎನ್‌ಎ ಕಡಿತ ಸರಿಪಡಿಸುವ ರೆಕ್‌ಎ ಜೀನ್ ಬುಕ್ನೆರಾದಲ್ಲಿ ಇಲ್ಲ. ದುರಸ್ತಿ ಇಲ್ಲದಾಗ ಸಿ ಅಕ್ಷರ ಟಿ ಆಗುವ ತಪ್ಪು ಮೇಲುಗೈ ಪಡೆದು ಜೀನೋಮ್ ಎ, ಟಿಗಳಿಂದ ತುಂಬುತ್ತದೆ. ಬುಕ್ನೆರಾದಲ್ಲಿ ಜಿ ಮತ್ತು ಸಿ ಸೇರಿ ಶೇ. 26. ಸೈಲಿಡ್ ಎಂಬ ರಸ ಹೀರುವ ಹುಳದ ಕಾರ್ಸೊನೆಲ್ಲಾದಲ್ಲಿ ಶೇ. 16.5 ಮಾತ್ರ. ಹೀಗೆ ಅಕ್ಷರ ಬದಲಾದಾಗ ಅಮೈನೋ ಆಮ್ಲಗಳೂ ಬದಲಾಗಿ ಪ್ರೋಟೀನ್‌ಗಳು ಸರಿಯಾಗಿ ಮಡಿಚಿಕೊಳ್ಳುವುದಿಲ್ಲ. ಅದಕ್ಕೆ ಬುಕ್ನೆರಾ ಕಂಡುಕೊಂಡ ತಾತ್ಕಾಲಿಕ ಪರಿಹಾರ, ಗ್ರೋಇಎಲ್ ಎಂಬ ಮಡಿಚಲು ನೆರವಾಗುವ ಪ್ರೋಟೀನನ್ನು ರಾಶಿ ಹಾಕುವುದು. ಕೋಶದ ಒಟ್ಟು ಪ್ರೋಟೀನಿನ ಹತ್ತನೇ ಒಂದು ಭಾಗದಷ್ಟು ಅದೇ.

ಬಿಸಿಲು ಏರಿದಾಗ ಈ ವ್ಯವಸ್ಥೆ ಕೈಕೊಡುತ್ತದೆ. ಬಟಾಣಿ ಹೇನಿನ ಬುಕ್ನೆರಾದಲ್ಲಿ ಐಬಿಪಿಎ ಎಂಬ, ಶಾಖದಿಂದ ರಕ್ಷಿಸುವ ಜೀನ್ ಇದೆ. ಅದರ ಮುಂದಿರುವ ಸ್ವಿಚ್ಚಿನ ಭಾಗದಲ್ಲಿ ಒಂದೇ ಒಂದು ಅಕ್ಷರ ಬಿದ್ದುಹೋದರೆ ಸಾಕು, ಕೆಲವು ಗಂಟೆ ಬಿಸಿ ತಗುಲಿದ ಮರಿಹೇನು ಮುಂದೆ ದೊಡ್ಡದಾದಾಗ ಸಂತಾನ ಬಿಡುವುದೇ ಇಲ್ಲ ಅಥವಾ ತೀರ ಕಡಿಮೆ ಬಿಡುತ್ತದೆ. 2007ರಲ್ಲಿ ಇದು ಗೊತ್ತಾಯಿತು. ತಂಪಿನಲ್ಲಿ ಮಾತ್ರ ಅದೇ ಹೇನುಗಳು ಚೆನ್ನಾಗಿಯೇ ಹೆಚ್ಚುತ್ತವೆ, ಅದಕ್ಕೇ ಆ ತಪ್ಪು ಹೊಲಗಳಲ್ಲಿ ಉಳಿದುಕೊಂಡಿದೆ. ಹುಳದ ತಾಪಸಹನೆ ಎಷ್ಟು ಎಂಬುದನ್ನು ಹುಳದ ಜೀನ್‌ಗಳಲ್ಲ, ಒಳಗಿನ ಬ್ಯಾಕ್ಟೀರಿಯಾದ ಒಂದಕ್ಷರ ನಿರ್ಧರಿಸುತ್ತಿದೆ.

ಉಳಿಯುವುದೇನು? ಆತಿಥೇಯ ಯಾವುದಕ್ಕಾಗಿ ಇಟ್ಟುಕೊಂಡಿದೆಯೋ ಅದು. ಗಿಡದ ರಸದಲ್ಲಿ ಸಕ್ಕರೆ ಧಾರಾಳ, ಅಗತ್ಯ ಅಮೈನೋ ಆಮ್ಲಗಳು ಬಹಳ ಕಡಿಮೆ. 2000ದಲ್ಲಿ ಬಟಾಣಿ ಹೇನಿನ ಬುಕ್ನೆರಾದ ಜೀನೋಮ್ ಪೂರ್ತಿ ಓದಿದಾಗ 6,40,000 ಅಕ್ಷರದೊಳಗೆ ಅಗತ್ಯ ಅಮೈನೋ ಆಮ್ಲ ತಯಾರಿಸುವ ಜೀನ್‌ಗಳು ಸಾಲಾಗಿ ಉಳಿದಿದ್ದವು. ಹೇನು ತಾನೇ ಮಾಡಿಕೊಳ್ಳಬಲ್ಲ ಅಮೈನೋ ಆಮ್ಲಗಳ ಜೀನ್‌ಗಳು ಹೋಗಿದ್ದವು. ತನ್ನ ಪೊರೆಗೆ ಬೇಕಾದ ಕೊಬ್ಬನ್ನು ಮಾಡುವ ಜೀನ್ ಕೂಡ ಇರಲಿಲ್ಲ. ಲ್ಯೂಸಿನ್‌ನಂಥ ಕೆಲವು ಅಮೈನೋ ಆಮ್ಲಗಳ ತಯಾರಿಕೆಯ ಕಟ್ಟಕಡೆಯ ಒಂದು ಹೆಜ್ಜೆ ಮಾತ್ರ ಬುಕ್ನೆರಾದಲ್ಲಿ ಇಲ್ಲ, ಅದನ್ನು ಹೇನಿನ ಕಿಣ್ವ ಮಾಡುತ್ತದೆ. ಕೊನೆಯ ಹೆಜ್ಜೆ ಯಾರ ಕೈಯಲ್ಲಿದೆಯೋ ಉತ್ಪಾದನೆಯ ನಲ್ಲಿಯೂ ಅವರ ಕೈಯಲ್ಲಿ.

ಇಷ್ಟಾದ ಮೇಲೆ ಜೀನೋಮ್ ಬಹುಮಟ್ಟಿಗೆ ಹೆಪ್ಪುಗಟ್ಟುತ್ತದೆ. ಜಿಗಿಯುವ ತುಣುಕುಗಳೂ ಅಳಿದುಹೋಗಿರುತ್ತವೆ. 5ರಿಂದ 7 ಕೋಟಿ ವರ್ಷದ ಹಿಂದೆ ಬೇರೆಯಾದ ಎರಡು ಹೇನು ಕುಲಗಳ ಬುಕ್ನೆರಾಗಳನ್ನು 2002ರಲ್ಲಿ ಹೋಲಿಸಿದಾಗ ಜೀನ್‌ಗಳ ಕ್ರಮ ಒಂದೂ ಅದಲುಬದಲಾಗಿರಲಿಲ್ಲ, ಹೊಸ ಜೀನ್ ಒಂದೂ ಸೇರಿರಲಿಲ್ಲ.

ಕೆಡುವುದು ಹೇಗೆ

ಈ ಇಳಿಜಾರಿನ ಕೊನೆಗೆ ಕಣದಂಗವೇ ಕಾದಿರುತ್ತದೆ ಎಂದುಕೊಳ್ಳಬಾರದು. ಹೆಚ್ಚಿನವು ಅಲ್ಲಿಗೆ ತಲುಪುವುದೇ ಇಲ್ಲ.

ಸೊಂಡಿಲು ಹುಳದ ಪೂರ್ವಜರಲ್ಲಿ ನಾರ್ಡೊನೆಲ್ಲ ಎಂಬ ಹಳೆಯ ಬ್ಯಾಕ್ಟೀರಿಯಾ ಇತ್ತು. ಸೊಡಾಲಿಸ್ ಬಂದ ಮೇಲೆ ಅದು ಮಾಯ. ಸಿಕಾಡಗಳಲ್ಲಿ, ಅಂದರೆ ಮಲೆನಾಡಿನಲ್ಲಿ ಜೀರುಂಡೆ ಎಂದು ಕರೆಯುವ ಕಿವಿಗಡಚಿಕ್ಕುವ ಹುಳಗಳ ಬಳಗದಲ್ಲಿ, ಹಾಜ್ಕಿನಿಯಾ ಎಂಬುದಿದೆ. ಕೆಲವು ಸಿಕಾಡ ಜಾತಿಗಳಲ್ಲಿ ಅದು ಒಳಗೊಳಗೇ ಕವಲಾಗಿದೆ. ಒಂದು ಕವಲಿನಲ್ಲಿ ಕೆಲವು ಜೀನ್ ಉಳಿದಿವೆ, ಇನ್ನೊಂದರಲ್ಲಿ ಇನ್ನು ಕೆಲವು. ಮೊದಲು ಒಂದು ಬ್ಯಾಕ್ಟೀರಿಯಾ ಮಾಡುತ್ತಿದ್ದ ಕೆಲಸಕ್ಕೆ ಈಗ ಎಲ್ಲ ಕವಲುಗಳೂ ಬೇಕು, ಎಲ್ಲವೂ ಪ್ರತಿ ಮೊಟ್ಟೆಗೂ ತಪ್ಪದೆ ಹೋಗಬೇಕು. ಆತಿಥೇಯನಿಗೆ ಸಿಗುವ ಲಾಭ ಹಳೆಯದೇ, ಖರ್ಚು ಮಾತ್ರ ಹೆಚ್ಚು. ಜಪಾನಿನ ಹಲವು ಸಿಕಾಡಗಳಲ್ಲಿ ಹಾಜ್ಕಿನಿಯಾ ಈಗ ಇಲ್ಲವೇ ಇಲ್ಲ, ಅದರ ಜಾಗದಲ್ಲಿ ಒಂದು ಶಿಲೀಂಧ್ರ ಕೂತಿದೆ. ಸಿಕಾಡಗಳನ್ನೇ ಕೊಲ್ಲುವ ಶಿಲೀಂಧ್ರಗಳ ಹತ್ತಿರದ ಸಂಬಂಧಿ ಅದು! 2018ರಲ್ಲಿ ಇದು ಬೆಳಕಿಗೆ ಬಂತು.

ನಮ್ಮ ಹಿಟ್ಟು ತಿಗಣೆಯ ಕಥೆಯೂ ಇದೇ ಜಾತಿಯದು. ಕೆಲವು ಹಿಟ್ಟು ತಿಗಣೆಗಳಲ್ಲಿ ಟ್ರೆಂಬ್ಲಯಾ ಒಂಟಿಯಾಗಿಯೇ ಇದೆ, ಅದರ ಜೀನೋಮ್ ತುಸು ದೊಡ್ಡದು. ಪ್ಲಾನೊಕಾಕಸ್‌ನಲ್ಲಿ ಮೊರಾನೆಲ್ಲ ಒಳಹೊಕ್ಕ ಮೇಲೆ ಟ್ರೆಂಬ್ಲಯಾಕ್ಕೆ ಇನ್ನಷ್ಟು ಜೀನ್ ಬಿಡಲು ಆಸರೆ ಸಿಕ್ಕಿತು. ಈಗ ಫಿನೈಲಾಲನಿನ್ ಎಂಬ ಒಂದು ಅಮೈನೋ ಆಮ್ಲ ಮಾಡಲು ಕೆಲವು ಕಿಣ್ವ ಟ್ರೆಂಬ್ಲಯಾದ್ದು, ಕೆಲವು ಮೊರಾನೆಲ್ಲದ್ದು, ಮಿಕ್ಕದ್ದು ಹುಳದ್ದು. ಮೂವರಲ್ಲಿ ಒಬ್ಬರು ಕೆಟ್ಟರೂ ಮೂವರೂ ಉಳಿಯುವುದಿಲ್ಲ.

ವಿಳಾಸ ಚೀಟಿ

ಹಾಗಾದರೆ ಮೈಟೋಕಾಂಡ್ರಿಯಾ, ಕ್ಲೋರೋಪ್ಲಾಸ್ಟ್‌ಗಳು ಹೇಗೆ ಕೆಡದೆ ಉಳಿದವು? ಇವೆರಡೂ ಒಂದು ಕಾಲದ ಬ್ಯಾಕ್ಟೀರಿಯಾಗಳು ಎಂಬ ವಾದವನ್ನು 1905ರಲ್ಲಿ ಕ್ಲೋರೋಪ್ಲಾಸ್ಟ್ ಮಟ್ಟಿಗೆ ರಷ್ಯಾದ ಜೀವವಿಜ್ಞಾನಿ ಮೆರೆಷ್ಕೋವ್ಸ್ಕಿ, 1967ರಲ್ಲಿ ಎರಡಕ್ಕೂ ಸೇರಿಸಿ ಅಮೆರಿಕದ ಲಿನ್ ಮಾರ್ಗುಲಿಸ್ ಮಂಡಿಸಿದ್ದು ಪ್ರಸಿದ್ಧ. ಈಗ ಆ ಬಗ್ಗೆ ಚರ್ಚೆಯಿಲ್ಲ. ನಮ್ಮ ಮೈಟೋಕಾಂಡ್ರಿಯಾದ ಡಿಎನ್‌ಎ 16,569 ಅಕ್ಷರ, ಜೀನ್ 37, ಅದರಲ್ಲಿ ಪ್ರೋಟೀನಿನವು 13. ಆದರೆ ಮೈಟೋಕಾಂಡ್ರಿಯಾದೊಳಗೆ ಕೆಲಸ ಮಾಡುವ ಪ್ರೋಟೀನ್‌ಗಳು 1,100ಕ್ಕೂ ಹೆಚ್ಚು. ಉಳಿದೆಲ್ಲದರ ಜೀನ್ ಕೋಶಕೇಂದ್ರದಲ್ಲಿದೆ. ಅಲ್ಲಿ ಗಂಡು ಹೆಣ್ಣಿನ ಜೀನ್‌ಗಳು ಪ್ರತಿ ತಲೆಮಾರಿಗೂ ಬೆರೆತು ಮರುಜೋಡಣೆಯಾಗುವುದರಿಂದ ತಪ್ಪುಗಳು ಕಳೆಯುತ್ತವೆ, ರಾಚೆಟ್ ನಿಲ್ಲುತ್ತದೆ.

ಜೀನ್ ಕೋಶಕೇಂದ್ರಕ್ಕೆ ಹೋಗುವುದು ಅಪರೂಪದ ಪವಾಡವಲ್ಲ. ಕಣದಂಗ ಒಡೆದು ಚೆಲ್ಲಿದ ಡಿಎನ್‌ಎ ವರ್ಣತಂತುಗಳ ಬಿರುಕಿಗೆ ಅಂಟಿಕೊಳ್ಳುತ್ತಲೇ ಇರುತ್ತದೆ. 2003ರಲ್ಲಿ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ ತಂಬಾಕಿನ ಕ್ಲೋರೋಪ್ಲಾಸ್ಟಿಗೆ ಗುರುತಿನ ಜೀನ್ ಸೇರಿಸಿ ನೋಡಿದಾಗ ಸುಮಾರು 16,000 ಪರಾಗಕಣಗಳಲ್ಲಿ ಒಂದರಲ್ಲಿ ಆ ಜೀನ್ ಕೋಶಕೇಂದ್ರ ಸೇರಿತ್ತು. ಒಂದು ಹೊಲದ ತಂಬಾಕಿನ ಪರಾಗ ಲೆಕ್ಕ ಹಾಕಿದರೆ ಇದು ದಿನನಿತ್ಯದ ಮಾತು.

ಆದರೆ ಅಲ್ಲಿಗೆ ತಲುಪಿದ ಜೀನ್ ಸುಮ್ಮನೆ ಕೆಲಸ ಮಾಡುವುದಿಲ್ಲ. ಮೊದಲು ಕೋಶಕೇಂದ್ರ ಓದಬಲ್ಲ ಸ್ವಿಚ್ಚು ಅದರ ಮುಂದೆ ಬೇಕು. ಆಮೇಲೆ ಪ್ರೋಟೀನ್ ತಯಾರಾದ ಮೇಲೆ ಎಲ್ಲಿಗೆ ಹೋಗಬೇಕು ಎಂಬ ವಿಳಾಸ ಚೀಟಿ ಬೇಕು. ಮೈಟೋಕಾಂಡ್ರಿಯಾಕ್ಕೆ ಹೋಗುವ ಪ್ರೋಟೀನಿನ ತಲೆಯಲ್ಲಿ ಸಾಮಾನ್ಯವಾಗಿ 15ರಿಂದ 50 ಅಮೈನೋ ಆಮ್ಲದ ಒಂದು ತುಣುಕು ಇರುತ್ತದೆ. ಸುರುಳಿಯಾಗುವ ಗುಣ, ಒಂದು ಮಗ್ಗುಲಲ್ಲಿ ಧನ ವಿದ್ಯುದಾವೇಶ, ಇನ್ನೊಂದು ಮಗ್ಗುಲು ಎಣ್ಣೆಗೆ ಒಲಿಯುವಂಥದು. ಹೊರಪೊರೆಯ ಟಾಮ್20 ಎಂಬ ಪ್ರೋಟೀನ್ ಅದನ್ನು ಗುರುತಿಸುತ್ತದೆ, ಟಾಮ್40 ಎಂಬ ರಂಧ್ರದಿಂದ ಬಿಚ್ಚಿದ ದಾರದಂತೆ ಪ್ರೋಟೀನ್ ಒಳಸೇರುತ್ತದೆ. ಒಳಪೊರೆಯ ಟಿಮ್23 ಎಂಬ ದ್ವಾರದಲ್ಲಿ ಪೊರೆಯ ಎರಡು ಬದಿಯ ವಿದ್ಯುತ್ ವ್ಯತ್ಯಾಸವೇ ಧನಾವೇಶದ ತುಣುಕನ್ನು ಒಳಕ್ಕೆ ಸೆಳೆಯುತ್ತದೆ. ಒಳಗೆ ಹೆಚ್‌ಎಸ್‌ಪಿ70 ಎಂಬ ಪ್ರೋಟೀನ್ ಜಗ್ಗುತ್ತದೆ, ಕೊನೆಗೆ ಕತ್ತರಿ ಕಿಣ್ವ ವಿಳಾಸ ಚೀಟಿಯನ್ನು ಕತ್ತರಿಸಿ ಎಸೆಯುತ್ತದೆ. ಮಡಿಚಿಕೊಂಡ ಪ್ರೋಟೀನ್ ಈ ದಾರಿಯಲ್ಲಿ ಸಿಕ್ಕಿಬೀಳುತ್ತದೆ. ಪೊರೆಯೊಳಗೇ ಹುದುಗಿರಬೇಕಾದ, ನೀರಿಗೆ ಒಗ್ಗದ ಪ್ರೋಟೀನ್‌ಗಳಂತೂ ದಾರಿಯಲ್ಲೇ ಬೇರೆ ಪೊರೆಗೆ ಅಂಟಿಕೊಳ್ಳುವ ಅಪಾಯವಿದೆ. ನಮ್ಮಲ್ಲಿ ಸ್ವಸ್ಥಾನದಲ್ಲೇ ಉಳಿದ ಆ 13 ಜೀನ್‌ಗಳಿಗೆ ಕೊಡುವ ಕಾರಣಗಳಲ್ಲಿ ಇದೂ ಒಂದು.

ಈ ಸಾಗಣೆಯ ಯಂತ್ರ ಒಮ್ಮೆ ಸಿದ್ಧವಾದರೆ ಯಾವ ಮೂಲದ ಪ್ರೋಟೀನನ್ನಾದರೂ ಒಳಗೆ ಕಳಿಸಬಹುದು. ಹಿಟ್ಟು ತಿಗಣೆ ಆ ದಿಕ್ಕಿನಲ್ಲಿ ಒಂದೆರಡು ಹೆಜ್ಜೆ ಇಟ್ಟಿರುವುದು 2013ರಲ್ಲಿ ಗೊತ್ತಾಯಿತು. ಅದರ ಕೋಶಕೇಂದ್ರದಲ್ಲಿ ಬ್ಯಾಕ್ಟೀರಿಯಾ ಮೂಲದ, ಕೆಲಸ ಮಾಡುವ ಕನಿಷ್ಠ 22 ಜೀನ್‌ಗಳಿವೆ. ವಿಚಿತ್ರವೆಂದರೆ ಬಹುಪಾಲು ಬಂದದ್ದು ಈಗ ಒಳಗಿರುವವುಗಳಿಂದ ಅಲ್ಲ, ಎಂದೋ ಬಂದುಹೋದ ಬೇರೆ ಬ್ಯಾಕ್ಟೀರಿಯಾಗಳಿಂದ. ಕೋಶಭಿತ್ತಿ ಕಟ್ಟುವ ಕೆಲವು ಜೀನ್‌ಗಳೂ ಅದರಲ್ಲಿವೆ. ಹುಳಕ್ಕೆ ಕೋಶಭಿತ್ತಿಯೇ ಇಲ್ಲ, ಅದು ಬೇಕಿರುವುದು ಮೊರಾನೆಲ್ಲಕ್ಕೆ. 2019ರಲ್ಲಿ ಮರ್‌ಎಫ್ ಎಂಬ ಅಂಥ ಒಂದು ಪ್ರೋಟೀನ್ ಹುಳದ ಜೀನಿನಿಂದ ತಯಾರಾಗಿ ಮೊರಾನೆಲ್ಲದ ಒಳಗೇ ಇರುವುದು ಕಾಣಿಸಿತು. ಸಸ್ಯಹೇನಿನಲ್ಲೂ 2014ರಲ್ಲಿ ಇಂಥದೇ ಒಂದು ಪ್ರೋಟೀನ್ ಬುಕ್ನೆರಾದೊಳಗೆ ಸಿಕ್ಕಿತ್ತು. ಬಿಡಿಬಿಡಿ ಪ್ರೋಟೀನ್‌ಗಳ ಸಾಗಣೆ ಹೀಗೆ ಸಾಬೀತಾಗಿದೆ, ಆದರೆ ನೂರಾರು ಪ್ರೋಟೀನ್‌ಗಳಿಗೆ ಒಂದೇ ಬಗೆಯ ವಿಳಾಸ ಚೀಟಿ ಹುಳಗಳಲ್ಲಿ ಕಂಡಿಲ್ಲ.

ಹುಳಗಳಿಗೆ ಇದು ಕಷ್ಟ ಯಾಕೆ? ಬ್ಯಾಕ್ಟೀರಿಯಾ ತುಂಬಿದ ಕೋಶ ಹುಳದ ಹೊಟ್ಟೆಯಲ್ಲಿ, ಮೊಟ್ಟೆ ಬೇರೆ ಕಡೆ. ಹೊಟ್ಟೆಯ ಕೋಶಕೇಂದ್ರಕ್ಕೆ ಜೀನ್ ಸೇರಿದರೆ ಅದು ಮರಿಗೆ ಹೋಗುವುದಿಲ್ಲ. ಒಂದೇ ಕೋಶದ ಜೀವಿಗಾದರೆ ಈ ತೊಂದರೆಯಿಲ್ಲ, ಸೇರಿದ ಜೀನ್ ನೇರ ಸಂತಾನಕ್ಕೆ. ಇತ್ತೀಚಿನ ಎರಡು ಕಣದಂಗಗಳೂ ಏಕಕೋಶ ಜೀವಿಗಳಲ್ಲೇ ಸಿಕ್ಕಿರುವುದು ನಮಗೆ ಕಾಕತಾಳೀಯ ಅನಿಸುವುದಿಲ್ಲ.

ಮೂರನೆಯ, ನಾಲ್ಕನೆಯ ಸಲ

1895ರಲ್ಲಿ ಜರ್ಮನಿಯ ಲೌಟರ್‌ಬಾರ್ನ್ ರೈನ್ ನದಿ ಪ್ರದೇಶದಲ್ಲಿ ಕಂಡ ಪಾಲಿನೆಲ್ಲ ಒಂದು ಚಿಪ್ಪುಳ್ಳ ಅಮೀಬಾ. ಅದರ ನೆಂಟರೆಲ್ಲ ಬ್ಯಾಕ್ಟೀರಿಯಾ ತಿಂದು ಬದುಕಿದರೆ ಇದು ತಿನ್ನುವುದನ್ನೇ ಬಿಟ್ಟು ಒಳಗಿನ ಎರಡು ನೀಲಿಹಸಿರು ಸಾಸೇಜಿನಾಕಾರದ ಕಾಯಗಳಿಂದ ಬೆಳಕಿನಡುಗೆ ಮಾಡುತ್ತದೆ. ಗಿಡಗಳ ಕ್ಲೋರೋಪ್ಲಾಸ್ಟಿನ ಮೂಲಕ್ಕೂ ಇದಕ್ಕೂ ಸಂಬಂಧವಿಲ್ಲ, ಸುಮಾರು 10 ಕೋಟಿ ವರ್ಷದ ಹಿಂದೆ ಬೇರೆಯೇ ಸೈನೋಬ್ಯಾಕ್ಟೀರಿಯಾ (ಬೆಳಕಿನಡುಗೆ ಬಲ್ಲ ಬ್ಯಾಕ್ಟೀರಿಯಾ) ಒಳಸೇರಿದ್ದು. 2008ರಲ್ಲಿ ಓದಿದ ಇದರ ಜೀನೋಮ್ 10.2 ಲಕ್ಷ ಅಕ್ಷರ, 867 ಪ್ರೋಟೀನ್ ಜೀನ್. ಟ್ರೆಂಬ್ಲಯಾದ ಏಳು ಪಟ್ಟು. ಆದರೂ ಇದನ್ನು ಕಣದಂಗ ಎನ್ನಲು ಅಡ್ಡಿಯಿಲ್ಲ, ಯಾಕೆಂದರೆ ಅಮೀಬಾದ ಕೋಶಕೇಂದ್ರದಲ್ಲಿ ತಯಾರಾದ ನೂರಾರು ಪ್ರೋಟೀನ್‌ಗಳು ಇದರೊಳಗೆ ಸಿಕ್ಕಿವೆ. ಉದ್ದನೆಯ ಪ್ರೋಟೀನ್‌ಗಳಿಗೆಲ್ಲ ಸುಮಾರು 200 ಅಮೈನೋ ಆಮ್ಲಗಳ ಒಂದೇ ಬಗೆಯ ವಿಳಾಸ ಚೀಟಿ ಇದೆ. ದಾರಿ ಮಾತ್ರ ಟಾಮ್-ಟಿಮ್ ಅಲ್ಲ, ಪ್ರೋಟೀನ್ ವಿಂಗಡಿಸಿ ಕಳಿಸುವ ಕೋಶದ ಗಾಲ್ಗಿ ಎಂಬ ಭಾಗದ ಮೂಲಕ ಹಾದು ಬರುವ ದಾರಿ.

ನಾಲ್ಕನೆಯದು 2024ರ ಏಪ್ರಿಲ್‌ನಲ್ಲಿ ಸುದ್ದಿಯಾದ, ಸಾರಜನಕ ಹಿಡಿಯುವ ಕಣದಂಗ ನೈಟ್ರೋಪ್ಲಾಸ್ಟ್. 1998ರಲ್ಲಿ ಅಮೆರಿಕದ ಸಂಶೋಧಕ ಜೊನಾಥನ್ ಝೆಹರ್ ಪೆಸಿಫಿಕ್ ಸಾಗರದ ನೀರಿನಲ್ಲಿ ಸಾರಜನಕ ಹಿಡಿಯುವ ಅಜ್ಞಾತ ಸೈನೋಬ್ಯಾಕ್ಟೀರಿಯಾ ಒಂದರ ಡಿಎನ್‌ಎ ತುಣುಕು ಕಂಡಿದ್ದರು. ಇತ್ತ ಜಪಾನಿನ ಕ್ಯೋಕೋ ಹಗಿನೋ ಬ್ರಾರುಡೊಸ್ಫೇರಾ ಎಂಬ, ಪಂಚಕೋನದ ಸುಣ್ಣದ ಫಲಕ ಹೊದ್ದ ಸಮುದ್ರ ಪಾಚಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಹತ್ತು ವರ್ಷಕ್ಕೂ ಮಿಕ್ಕಿ ಹೆಣಗಿದರು. ಆ ಅಜ್ಞಾತ ಬ್ಯಾಕ್ಟೀರಿಯಾ ಇದ್ದದ್ದು ಇದರೊಳಗೆ. ಜೀನೋಮ್ ಸುಮಾರು 14ರಿಂದ 15 ಲಕ್ಷ ಅಕ್ಷರ. ಎಕ್ಸ್-ರೇ ಚಿತ್ರಗಳಲ್ಲಿ ಪಾಚಿ ಕೋಶ ಒಡೆಯುವ ಮುನ್ನ ಇದು ಸರಿಯಾದ ಸರದಿಯಲ್ಲಿ ಎರಡಾಗಿ, ಮರಿಕೋಶಕ್ಕೆ ಒಂದೊಂದರಂತೆ ಹಂಚಿಹೋಗುವುದು ಕಂಡಿತು. ಪಾಚಿಯ ಪ್ರೋಟೀನ್‌ಗಳು ಇದರೊಳಗೆ ಇವೆ, ಅವುಗಳಲ್ಲಿ ಹಲವಕ್ಕೆ ಒಂದೇ ಬಗೆಯ ವಿಳಾಸ ಚೀಟಿ ಇದೆ, ಅದೂ ತಲೆಯಲ್ಲಲ್ಲ, ಬಾಲದಲ್ಲಿ. ಒಂದು ಕೋಶಕ್ಕೆ ಒಂದೇ ನೈಟ್ರೋಪ್ಲಾಸ್ಟ್ ಇರುವುದರಿಂದ ಅದು ಒಡೆದರೆ ಕೋಶವೇ ಹೋಯಿತು. ಹಾಗಾಗಿ ಇಲ್ಲಿ ಜೀನ್ ಸೋರಿಕೆ ನಿಧಾನವಿರಬೇಕು.

ಸಾರಜನಕ ಹಿಡಿಯುವ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ. ನೈಟ್ರೋಪ್ಲಾಸ್ಟಿನ ಪೂರ್ವಜ ಕಳೆದುಕೊಂಡ ಜೀನ್‌ಗಳಲ್ಲಿ ನೀರನ್ನು ಒಡೆದು ಆಮ್ಲಜನಕ ಬಿಡುವ ಫೋಟೋಸಿಸ್ಟಮ್ 2 ಕೂಡ ಸೇರಿರುವುದರಿಂದ ಅದಕ್ಕೆ ಹಗಲಿನಲ್ಲೇ ಸಾರಜನಕ ಹಿಡಿಯಲು ಸಾಧ್ಯವಾಗಿದೆ. ಬೆಳಕಿನಡುಗೆ ಪಾಚಿಯ ಪಾಲು, ಸಾರಜನಕ ಇದರ ಪಾಲು.

ಇಂಥದೊಂದನ್ನು ಭತ್ತ, ರಾಗಿಗೆ ಸೇರಿಸಿ ಯೂರಿಯಾ ಚೀಲ ತಪ್ಪಿಸಬಹುದೇ ಎಂಬ ಪ್ರಶ್ನೆ ಆ ಸುದ್ದಿಯ ಜೊತೆಗೇ ಎದ್ದಿತು. ನೈಟ್ರೋಪ್ಲಾಸ್ಟನ್ನು ಎತ್ತಿ ಗಿಡದ ಕೋಶಕ್ಕೆ ಹಾಕುವುದು ವ್ಯರ್ಥ, ಅದಕ್ಕೆ ಬೇಕಾದ ಪ್ರೋಟೀನ್‌ಗಳ ಜೀನ್ ಇರುವುದು ಪಾಚಿಯ ಕೋಶಕೇಂದ್ರದಲ್ಲಿ. ಈಗ ನಡೆಯುತ್ತಿರುವ ಇನ್ನೊಂದು ಪ್ರಯತ್ನ ಹೆಚ್ಚು ನೇರ: ಸಾರಜನಕ ಹಿಡಿಯುವ ನಿಫ್ ಪ್ರೋಟೀನ್‌ಗಳ ಜೀನ್‌ಗೆ ಮೈಟೋಕಾಂಡ್ರಿಯಾದ ವಿಳಾಸ ಚೀಟಿ ಅಂಟಿಸಿ ಯೀಸ್ಟ್ ಮತ್ತು ತಂಬಾಕಿನ ಜಾತಿಯ ಗಿಡಗಳಲ್ಲಿ ಪರೀಕ್ಷಿಸುವುದು. ಮೈಟೋಕಾಂಡ್ರಿಯಾ ಆಮ್ಲಜನಕವನ್ನು ಬೇಗ ಬಳಸಿ ಮುಗಿಸುತ್ತದೆ, ಒಂದು ಸಾರಜನಕ ಅಣುವಿಗೆ ಬೇಕಾದ 16 ಎಟಿಪಿಯೂ (ಕೋಶದ ಶಕ್ತಿಯ ಅಣು) ಅಲ್ಲೇ ಸಿಗುತ್ತದೆ. ಪ್ರೋಟೀನ್‌ಗಳು ಒಳಗೆ ಹೋದವು. ಆದರೆ ನಿಫ್‌ಡಿ ಎಂಬ ಮುಖ್ಯ ಪ್ರೋಟೀನಿನ ನಡುವಿನ ಒಂದು ಜಾಗ ಕತ್ತರಿ ಕಿಣ್ವಕ್ಕೆ ವಿಳಾಸ ಚೀಟಿಯ ಕೊನೆಯಂತೆ ಕಂಡು ಅದನ್ನು ಅಲ್ಲೇ ತುಂಡರಿಸಿತು. ಆ ಜಾಗದ ಒಂದು ಅಮೈನೋ ಆಮ್ಲ ಬದಲಿಸಿದ ಮೇಲೆ ಕತ್ತರಿಸುವುದು ನಿಂತಿತು.